ಕಪ್ಪಾದ ಗಾಜಿನ ಉಣ್ಣೆ

ಇಂಗ್ಲೆಂಡಿನಲ್ಲಿ ಹಳೆ ಮನೆ ಕೊಂಡ ಕನ್ನಡಿಗರು ನಾಲ್ಕು ಜನ ಸೇರಿದರೆ, ಮಾತು ಒಂದಲ್ಲ ಒಂದು ಹೊತ್ತಿಗೆ ಅಟ್ಟ ಹತ್ತುತ್ತದೆ. ಮಕ್ಕಳ ಶಾಲೆ, ಊರಿಗೆ ಹೋಗುವ ಟಿಕೆಟ್ ದರ, ಈ ಸಲ ಯುಗಾದಿ ಯಾರ ಮನೆಯಲ್ಲಿ ಅನ್ನೋದೆಲ್ಲ ಮುಗಿದ ಮೇಲೆ ಯಾರಾದರೂ ಕೇಳೇ ಕೇಳುತ್ತಾರೆ, "ನಿಮ್ಮ ಲಾಫ್ಟ್‌ನಲ್ಲಿ ಇನ್ಸುಲೇಷನ್ ಎಷ್ಟಿದೆ?" ಸರಿಯುತ್ತರ 270 ಮಿಲಿಮೀಟರ್. ಮನೆಯ ಬಿಸಿ ಮೇಲಿಂದ ಸೋರದ ಹಾಗೆ ಅಟ್ಟದಲ್ಲಿ ಹಾಸುವ ಗಾಜಿನ ಉಣ್ಣೆ, ಅಂದರೆ ಗಾಜಿನ ನಾರಿನ ಹಾಸು, ಅಷ್ಟು ದಪ್ಪ ಇರಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಕಮ್ಮಿ ಇದ್ದವರು ಸ್ವಲ್ಪ ತಲೆ ತಗ್ಗಿಸುತ್ತಾರೆ. ಆಮೇಲೆ ಎರಡನೇ ಪ್ರಶ್ನೆ ಬರುತ್ತದೆ: "ಹಳೇದನ್ನ ಕಿತ್ತು ಹಾಕಬೇಕಾ, ಮೇಲೇನೇ ಹಾಸಬಹುದಾ?"

ನನಗೆ ಈ ಎರಡನೇ ಪ್ರಶ್ನೆಯೇ ಮುಖ್ಯ ಅನ್ನಿಸುತ್ತದೆ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಹಳೆ ಉಣ್ಣೆಯನ್ನು ಕೂತು ನೋಡಬೇಕು. ಯಾರೂ ನೋಡುವುದಿಲ್ಲ.

ನಮ್ಮದು ಡರ್ಬಿಯಲ್ಲಿ 1930ರ ದಶಕದ ಜೋಡಿಮನೆ. ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆ, ಹೆಂಚಿನ ಮನೆಯಲ್ಲಿ. ಹಾಗಾಗಿ ಟಾರ್ಚ್ ಹಿಡಿದು ಅಟ್ಟ ಹತ್ತಿದಾಗ ಪಕಾಸಿ, ರೀಪು, ಹೆಂಚು ಎಲ್ಲ ಪರಿಚಯದವರೇ. ಪರಿಚಯ ಇಲ್ಲದ್ದು ಕಾಲಡಿಯಲ್ಲಿತ್ತು. ನಾಲ್ಕು ಇಂಚಿನ ಜಂತೆಗಳು, ನಡುವೆ ಹಳದಿ ಗಾಜಿನ ಉಣ್ಣೆ. ಹಾಕಿದಾಗ ಎರಡು ಇಂಚು ಇದ್ದಿರಬೇಕು, ಈಗ ಕುಸಿದು ಬೆರಳು ದಪ್ಪ. ಅದರ ಮೇಲೆ ಇನ್ಯಾರೋ ಯಾವಾಗಲೋ ಇನ್ನೊಂದು ಪದರ ಹಾಸಿದ್ದಾರೆ, ಅದೂ ಕೈಗೆ ಸಿಗುವ ಅರ್ಧ ಜಾಗಕ್ಕೆ ಮಾತ್ರ. ಎಲ್ಲದರ ಅಡಿಗೆ ಕಪ್ಪು ಪುಡಿ: ಕಲ್ಲಿದ್ದಲು ಉರಿಸುತ್ತಿದ್ದ ಕಾಲದ ಮಸಿ. ಚಿಮಣಿ ಮೂಲೆಯಲ್ಲಿ ಏನೋ ಹೊಳೆಯುವ ಕಾಳು. ಇನ್ನೊಂದು ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ನೀರಿನ ಟ್ಯಾಂಕು. ಅದಕ್ಕೆ ಈಗ ಕೆಲಸ ಇಲ್ಲ, ಆದರೆ ಕೆಳಗಿಳಿಸುವ ಹಾಗೂ ಇಲ್ಲ, ಯಾಕೆಂದರೆ ಅಟ್ಟದ ಬಾಗಿಲಿಗಿಂತ ಅದೇ ದೊಡ್ಡದು. ಇಂಥ ಟ್ಯಾಂಕುಗಳು ಈ ದೇಶದ ಎಷ್ಟೋ ಅಟ್ಟಗಳಲ್ಲಿ ಅನಾಥವಾಗಿ ಕೂತಿವೆ.

ಈ ಪದರಗಳಿಗೆ ಒಂದು ಇತಿಹಾಸ ಇದೆ. ನಮ್ಮ ಮನೆ ಕಟ್ಟಿದಾಗ ಇನ್ಸುಲೇಷನ್ ಅನ್ನೋ ವಿಷಯವೇ ಇರಲಿಲ್ಲ. ಕಲ್ಲಿದ್ದಲು ಅಗ್ಗ, ಕೋಣೆಗೊಂದು ಒಲೆ. 1965ರ ಕಟ್ಟಡ ನಿಯಮಗಳು ಮಾಡಿಗೆ ಕೇಳಿದ್ದು ಒಂದಿಂಚು ಉಣ್ಣೆ ಹಾಕಿದರೆ ಮುಗಿದುಹೋಗುವಷ್ಟು. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಎಲ್ಲರಿಗೂ ಎಚ್ಚರವಾಯಿತು. 1978ರಲ್ಲಿ ಮನೆಗಳ ಇನ್ಸುಲೇಷನ್‌ಗಂತಲೇ ಒಂದು ಕಾಯ್ದೆ ಬಂತು, ಅಟ್ಟಕ್ಕೆ ಹಾಸುವವರಿಗೆ ಸರಕಾರದ ಸಹಾಯಧನ ಸಿಕ್ಕಿತು. ಆಮೇಲೆ ನಿಯಮದ ದಪ್ಪ ಏರುತ್ತಾ ಏರುತ್ತಾ ಈ ಶತಮಾನದ ಮೊದಲಲ್ಲಿ 270ರ ಹತ್ತಿರ ಬಂದು ನಿಂತಿತು. ನಮ್ಮ ಹಳದಿ ಪದರ ಬಹುಶಃ ಆ ಸಹಾಯಧನದ ಕಾಲದ್ದು. ಪಕ್ಕದ ಮನೆಯ ಅಜ್ಜನಿಗೆ ಆ ಕಾಲ ಚೆನ್ನಾಗಿ ನೆನಪಿದೆ. ಬೀದಿಗೆ ಬೀದಿಯೇ ಹಾಸಿಕೊಂಡಿತು ಅನ್ನುತ್ತಾರೆ.

ಇನ್ನು ಲೆಕ್ಕ. ಒಂದು ಚದರ ಮೀಟರ್ ಜಾಗದ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಎಷ್ಟು ವ್ಯಾಟ್ ಶಾಖ ಸೋರುತ್ತದೆ ಅನ್ನೋದನ್ನ ಯು-ವ್ಯಾಲ್ಯೂ ಅನ್ನುತ್ತಾರೆ. ಮನೆಗಳಿಗೆ ಎನರ್ಜಿ ಸರ್ಟಿಫಿಕೇಟ್ ಕೊಡುವಾಗ ಏನೂ ಹಾಸದ ಅಟ್ಟಕ್ಕೆ 2.3 ಅಂತ ಹಿಡಿಯುತ್ತಾರೆ. 50 ಮಿಲಿಮೀಟರ್ ಇದ್ದರೆ 0.68, 100 ಇದ್ದರೆ 0.4, 270 ಇದ್ದರೆ 0.16. ಈಗ 50 ಚದರ ಮೀಟರ್ ಅಟ್ಟ ಅಂದುಕೊಳ್ಳಿ, ಒಳಗೆ ಹೊರಗೆ 15 ಡಿಗ್ರಿ ವ್ಯತ್ಯಾಸ. ಏನೂ ಹಾಸದಿದ್ದರೆ ಅಟ್ಟದಿಂದ 1,725 ವ್ಯಾಟ್ ಹೋಗುತ್ತದೆ. 50 ಮಿಲಿಮೀಟರ್ ಹಾಸಿದರೆ 510. 100ಕ್ಕೆ 300. 270ಕ್ಕೆ 120.

ಗಮನಿಸಿದಿರಾ? ಮೊದಲ ಎರಡು ಇಂಚು ಉಳಿಸಿದ್ದು 1,200 ವ್ಯಾಟ್‌ಗಿಂತ ಜಾಸ್ತಿ. ಕೊನೆಯ ಆರೇಳು ಇಂಚು ಉಳಿಸಿದ್ದು 180. ಅದೂ ಬೇಕು, ಬೇಡ ಅನ್ನುತ್ತಿಲ್ಲ. ಚಳಿಗಾಲವಿಡೀ ಹಗಲು ರಾತ್ರಿ 60 ವ್ಯಾಟಿನ ಮೂರು ಹಳೆ ಬಲ್ಬು ಸುಮ್ನೆ ಉರಿಸುವುದು ಯಾರಿಗೂ ಇಷ್ಟ ಇಲ್ಲ. ಆದರೆ ಆ ದೊಡ್ಡ ಕೆಲಸವನ್ನು ಯಾರೋ ಪುಣ್ಯಾತ್ಮರು ಐವತ್ತು ವರ್ಷದ ಹಿಂದೆ ಮಾಡಿಟ್ಟು ಹೋಗಿದ್ದಾರೆ. ಅವರು ಹಾಕಿದ್ದನ್ನು "ಹಳೇದು, ಗಲೀಜು" ಅಂತ ಕಿತ್ತೆಸೆಯುವ ಮೊದಲು ಇಷ್ಟು ಗೊತ್ತಿರಬೇಕು. ಒಣಗಿದ್ದು, ಹುಡಿಯಾಗದೇ ಇದ್ದದ್ದು ಹಾಗೇ ಇರಲಿ. ಮೇಲೆ ಹೊಸದು ಹಾಸಬಹುದು.

ಆದರೆ ಆ ಹೊಳೆಯುವ ಕಾಳು ಬೇರೆ ವಿಷಯ. ಅದು ವರ್ಮಿಕ್ಯುಲೈಟ್, ಅಭ್ರಕದ ಜಾತಿಯ ಒಂದು ಖನಿಜ. ಚೆನ್ನಾಗಿ ಕಾಯಿಸಿದರೆ ಒಳಗಿನ ನೀರು ಆವಿಯಾಗಿ, ಬಾಣಲೆಯಲ್ಲಿ ಭತ್ತ ಅರಳಾಗುವ ಹಾಗೆ ಹಿಗ್ಗುತ್ತದೆ. ಹಗುರ, ಬೆಂಕಿ ಹತ್ತುವುದಿಲ್ಲ, ಚೀಲದಿಂದ ಸುರಿದರೆ ಮುಗಿಯಿತು. ತಕರಾರು ಇರುವುದು ಕಾಳಿನಲ್ಲಲ್ಲ, ಗಣಿಯಲ್ಲಿ. ಅಮೆರಿಕದ ಮೊಂಟಾನಾದ ಲಿಬ್ಬಿ ಅನ್ನೋ ಊರಿನ ಗಣಿಯಲ್ಲಿ ವರ್ಮಿಕ್ಯುಲೈಟ್ ಜೊತೆ ಆಸ್ಬೆಸ್ಟಾಸ್ ಕೂಡ ಬೆರೆತಿತ್ತು. 1919ರಿಂದ 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನಲ್ಲಿ ನೂರಕ್ಕೆ 70 ಪಾಲಿಗಿಂತ ಜಾಸ್ತಿ ಅಲ್ಲಿಯದ್ದೇ. ಗಣಿಯಲ್ಲಿ ದುಡಿದವರು, ಅವರ ಬಟ್ಟೆ ಒಗೆದ ಹೆಂಡತಿಯರು, ಆ ರಾಶಿಯ ಮೇಲೆ ಆಡಿದ ಮಕ್ಕಳು ಶ್ವಾಸಕೋಶದ ಕಾಯಿಲೆಗೆ ಬಲಿಯಾದರು. 2009ರಲ್ಲಿ ಅಮೆರಿಕದ ಪರಿಸರ ಇಲಾಖೆ ಅಲ್ಲಿ ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಘೋಷಿಸಿತು.

ಇಂಗ್ಲೆಂಡಿಗೆ ದಕ್ಷಿಣ ಆಫ್ರಿಕಾದ ಪಲಬೋರಾ ಗಣಿಯ ಸರಕೂ ಬರುತ್ತಿತ್ತು. ನಿಮ್ಮ ಅಟ್ಟದ ಕಾಳು ಎಲ್ಲಿಯದ್ದು ಅಂತ ನೋಡಿ ಹೇಳೋಕೆ ಯಾರಿಂದಲೂ ಆಗುವುದಿಲ್ಲ. ಪರೀಕ್ಷೆಗೆ ಕಳಿಸಬೇಕು, ಅಷ್ಟೇ. ಅಲ್ಲಿಯವರೆಗೆ ಅದನ್ನು ಕೆದಕಬಾರದು, ಗುಡಿಸಬಾರದು, ಮನೆಯ ವ್ಯಾಕ್ಯೂಮ್ ಹಾಕಿ ಎಳೆಯಲೇಬಾರದು. ನಾವು ಮಾನ್ಯತೆ ಇರುವ ಲ್ಯಾಬಿನವರನ್ನೇ ಕರೆಸಿದೆವು. ಅವರು ನೀರು ಚಿಮುಕಿಸಿ, ಒಂದು ಚಮಚದಷ್ಟು ತೆಗೆದು, ಎರಡು ಚೀಲದಲ್ಲಿ ಕಟ್ಟಿಕೊಂಡು ಹೋದರು. ಆಸ್ಬೆಸ್ಟಾಸ್ ಇಲ್ಲ ಅಂತ ವರದಿ ಬಂತು. ಇದ್ದಿದ್ದರೆ? ಕೈಯಿಂದ ಮುಟ್ಟುವ ಕೆಲಸ ಅಲ್ಲ, ಲೈಸೆನ್ಸ್ ಇರುವವರೇ ಬರಬೇಕು.

ಇದೆಲ್ಲ ಅತಿ ಭಯ ಅನ್ನುವವರು ಕ್ಯಾನ್ಬೆರಾದ ಕತೆ ಕೇಳಬೇಕು. ಅಲ್ಲಿ 1968ರಿಂದ 1979ರವರೆಗೆ ಒಂದು ಕಂಪನಿ ಅಟ್ಟಗಳಿಗೆ ಶುದ್ಧ ಆಸ್ಬೆಸ್ಟಾಸ್ ನಾರನ್ನೇ ಊದಿ ತುಂಬಿತು. ಜನ ಅದಕ್ಕೆ 'ಮಿಸ್ಟರ್ ಫ್ಲಫಿ' ಅಂತ ಮುದ್ದಿನ ಹೆಸರು ಬೇರೆ ಇಟ್ಟಿದ್ದರು. ಮುಂದೆ ಸರಕಾರವೇ ದುಡ್ಡು ಹಾಕಿ ತೆಗೆಸಿದರೂ ನಾರು ಗೋಡೆಯ ಸಂದಿಯಲ್ಲಿ ಉಳಿದಿತ್ತು. ಕೊನೆಗೆ 2014ರಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸರಕಾರವೇ ಕೊಂಡು ಕೆಡವುವ ನಿರ್ಧಾರ ಮಾಡಿತು. ಬ್ರಿಟನ್ನಿನಲ್ಲಿ ನೀಲಿ, ಕಂದು ಆಸ್ಬೆಸ್ಟಾಸ್ 1985ರಲ್ಲಿ ನಿಷೇಧವಾದರೆ ಬಿಳಿಯದ್ದು ಹೋಗಿದ್ದು 1999ರಲ್ಲಿ. ಹಾಗಾಗಿ ಅದಕ್ಕಿಂತ ಹಳೆ ಮನೆಯಲ್ಲಿ ಪೈಪಿಗೆ ಸುತ್ತಿದ ಬಿಳಿ ಪಟ್ಟಿ, ಸಿಮೆಂಟಿನ ಹಾಗೆ ಕಾಣುವ ಟ್ಯಾಂಕು ಕಂಡರೆ ಕೈ ಹಿಂದೆ ತೆಗೆಯುವುದೇ ಸರಿ.

ಗಾಜಿನ ಉಣ್ಣೆಗೆ ಈ ಅಪವಾದ ಇಲ್ಲ. 2001ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಸಂಶಯದ ಪಟ್ಟಿಯಿಂದ ಕೆಳಗಿಳಿಸಿತು. ತುರಿಕೆ ಮಾತ್ರ ಖಂಡಿತ. ತುಂಬುತೋಳಿನ ಅಂಗಿ, ಒಳ್ಳೆ ಮಾಸ್ಕ್, ಕೆಲಸ ಮುಗಿದ ಮೇಲೆ ಮೊದಲು ತಣ್ಣೀರು. ಬಿಸಿನೀರು ಸುರಿದುಕೊಂಡರೆ ತುರಿಕೆ ಜಾಸ್ತಿಯಾಗುತ್ತದೆ ಅನ್ನೋದು ಈ ಕೆಲಸ ಮಾಡುವವರೆಲ್ಲರ ಅನುಭವ.

ಈಗ ನನಗೆ ನಿಜವಾಗಿ ಹೇಳಬೇಕಾಗಿದ್ದಕ್ಕೆ ಬರುತ್ತೇನೆ.

ಹಳದಿ ಉಣ್ಣೆಯ ಒಂದು ತುಂಡನ್ನು ಎತ್ತಿ ತಿರುಗಿಸಿದೆ. ಅಡಿಭಾಗದಲ್ಲಿ ಒಂದು ಕಪ್ಪು ಕಲೆ. ಊಟದ ತಟ್ಟೆಯಷ್ಟು ಅಗಲ, ನಡುವೆ ಗಾಢ ಕಪ್ಪು, ಅಂಚಿಗೆ ಬರುತ್ತಾ ಬೂದು. ಒದ್ದೆ ಇಲ್ಲ, ಬೂಷ್ಟು ವಾಸನೆಯೂ ಇಲ್ಲ. ಬೆರಳಿನಲ್ಲಿ ಉಜ್ಜಿದರೆ ಸಣ್ಣ ಧೂಳು. ಅದರ ಕೆಳಗೆ ಸೀಲಿಂಗ್ ನೋಡಿದರೆ ಬಚ್ಚಲುಮನೆಯ ದೀಪದ ತಂತಿ ಇಳಿಯುವ ತೂತು. ತಂತಿಯ ದಪ್ಪ ಸೀಸದಕಡ್ಡಿಯಷ್ಟು, ತೂತಿನ ಅಗಲ ಎರಡು ರೂಪಾಯಿ ನಾಣ್ಯದಷ್ಟು. ಪಕ್ಕದ ಜಂತೆಯ ಹತ್ತಿರ ಇನ್ನೊಂದು ಕಲೆ. ಅದು ಉದ್ದಕ್ಕೆ ಗೆರೆಯ ಹಾಗೆ. ಅದರ ಕೆಳಗೆ ಒಳಗೋಡೆ ಸೀಲಿಂಗಿಗೆ ಸೇರುವ ಸಂದಿ. ಹಳೆ ಪೈಪುಗಳ ಸುತ್ತ ಕಪ್ಪು. ಅಟ್ಟದ ಬಾಗಿಲ ಸುತ್ತ ಕಪ್ಪು. ಉಳಿದ ಕಡೆಯೆಲ್ಲ ಉಣ್ಣೆ ಇನ್ನೂ ಹಳದಿಯೇ.

ವಿಷಯ ಇಷ್ಟು. ಮನೆಯ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಸಿಕ್ಕ ತೂತಿನಲ್ಲೆಲ್ಲ ನುಗ್ಗುತ್ತದೆ. ಗಾಜಿನ ಉಣ್ಣೆ ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತದೆ. ಗಾಳಿ ದಾಟಿ ಹೋಗುತ್ತದೆ, ಧೂಳು ಉಳಿಯುತ್ತದೆ. ಹತ್ತಾರು ವರ್ಷ ಹೀಗೇ ಆದರೆ ಎಲ್ಲೆಲ್ಲಿ ಮನೆ ಸೋರುತ್ತಿದೆ ಅನ್ನೋದು ಉಣ್ಣೆಯ ಮೇಲೆ ಕಪ್ಪಾಗಿ ಮೂಡುತ್ತದೆ. ಥರ್ಮಲ್ ಕ್ಯಾಮರಾ ತಂದು ಹುಡುಕಬೇಕಾಗಿಲ್ಲ. ಹಳೆ ಉಣ್ಣೆಯನ್ನು ಒಂದೇ ದಿನದಲ್ಲಿ ಯಂತ್ರದಿಂದ ಹೀರಿಸಿಕೊಂಡು ಹೋಗುವವರನ್ನು ಕರೆದರೆ ಈ ನಕ್ಷೆಯೂ ಚೀಲದೊಳಗೆ ಹೋಯಿತು. ನೋಡದೆ ಮೇಲೆ ಹೊಸದು ಹಾಸಿದರೆ ತೂತುಗಳು ಇನ್ನೂ ಆಳಕ್ಕೆ ಹೂತುಹೋದವು.

ಅಲ್ಲಿಂದ ಹೋಗುವುದು ಬರೀ ಬಿಸಿಯಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಿಸಿಯ ಜೊತೆ ನೀರೂ ಹೋಗುತ್ತದೆ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆ ಡಿಗ್ರಿಗೆ ಇಳಿದರೆ ಬರೀ 5. ಉಳಿದ ನೀರು ಎಲ್ಲಿಗೆ ಹೋಗಬೇಕು? ಮಾಡಿನ ಅಡಿಗೆ ಅಂಟಿಕೊಳ್ಳುತ್ತದೆ. ಇಲ್ಲಿಯ ಸುಮಾರು ಮನೆಗಳಿಗೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಹೆಂಚು ಬದಲಿಸುವಾಗ ಅಡಿಗೆ ಡಾಂಬರಿನ ಫೆಲ್ಟ್ ಅನ್ನೋ ಹಾಳೆ ಹಾಕಿದ್ದಾರೆ. ಮಳೆ ಒಳಗೆ ಬರುವುದಿಲ್ಲ, ಆದರೆ ಆವಿ ಹೊರಗೆ ಹೋಗುವುದೂ ಇಲ್ಲ. ಜನವರಿಯ ಬೆಳಿಗ್ಗೆ ಅಟ್ಟಕ್ಕೆ ಹೋಗಿ ನೋಡಿದರೆ ಫೆಲ್ಟಿನ ತುಂಬ ಹನಿ, ಮೊಳೆಗಳ ತುದಿಯಲ್ಲಿ ಮಂಜು. ಎಷ್ಟೋ ಜನ ಹೆಂಚು ಸೋರುತ್ತಿದೆ ಅಂದುಕೊಂಡು ಮಾಡಿನ ಕೆಲಸದವರನ್ನು ಕರೆಯುತ್ತಾರೆ.

ತಮಾಷೆ ಏನೆಂದರೆ ಇನ್ಸುಲೇಷನ್ ದಪ್ಪ ಮಾಡಿದಷ್ಟೂ ಈ ತೊಂದರೆ ಜಾಸ್ತಿ. ಕೆಳಗಿನ ಬಿಸಿ ಮೇಲೆ ಬರದಿದ್ದರೆ ಅಟ್ಟ ಇನ್ನೂ ತಣ್ಣಗಾಗುತ್ತದೆ, ಅಲ್ವಾ? ಮೊದಲು ಸೋರಿದ ಬಿಸಿಯೇ ಫೆಲ್ಟನ್ನು ಅಷ್ಟಿಷ್ಟು ಒಣಗಿಸುತ್ತಿತ್ತು. 270 ಹಾಸಿದ ಮೇಲೆ ಅಟ್ಟ ಅಂದರೆ ಹೊರಗೇ ಅಂತ ಲೆಕ್ಕ. ಹಾಗಾದ ಮೇಲೆ ಅದಕ್ಕೆ ಹೊರಗಿನ ಗಾಳಿಯೂ ಆಡಬೇಕು, ಒಳಗಿನ ಆವಿ ಬರುವುದೂ ನಿಲ್ಲಬೇಕು.

ನಮ್ಮಂಥವರ ಮನೆಯಲ್ಲಿ ಆವಿಗೇನು ಕಮ್ಮಿ? ಬೆಳಿಗ್ಗೆ ಕುಕ್ಕರ್ ಮೂರು ಕೂಗು, ಸಂಜೆ ಸಾರು, ಇಡ್ಲಿ ಪಾತ್ರೆಯ ಹಬೆ. ಹೊರಗೆ ಬಿಸಿಲಿಲ್ಲ ಅಂತ ಬಟ್ಟೆಯೆಲ್ಲ ರೇಡಿಯೇಟರಿನ ಮೇಲೆ. ಬಚ್ಚಲುಮನೆಗೆ ಫ್ಯಾನ್ ಇದೆ, ಅದು ಎಳೆದುಕೊಳ್ಳುತ್ತದೆ ಅನ್ನೋ ಧೈರ್ಯ ನಮಗಿತ್ತು. ಅಟ್ಟದಲ್ಲಿ ನೋಡಿದರೆ ಫ್ಯಾನಿನ ಕೊಳವೆ ಉಣ್ಣೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದೆ. ಸ್ನಾನದ ಹಬೆಯೆಲ್ಲ ನೇರವಾಗಿ ಅಟ್ಟಕ್ಕೆ. ಅದರ ಎದುರಿನ ಪಕಾಸಿಯಲ್ಲಿ ಕಪ್ಪು ಬೂಷ್ಟಿನ ಚುಕ್ಕಿ, ಅಡಿಯ ಉಣ್ಣೆ ಹಿಂಡಿದರೆ ನೀರು. ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಹಳೆ ಮನೆಗಳಲ್ಲಿ ಬಹಳ ಸಾಮಾನ್ಯ. ನೀವು ಇನ್ನೇನು ಮಾಡದಿದ್ದರೂ ನಿಮ್ಮ ಫ್ಯಾನಿನ ಕೊಳವೆಯ ಇನ್ನೊಂದು ತುದಿ ಎಲ್ಲಿದೆ ಅಂತ ಒಮ್ಮೆ ನೋಡಿ.

ವಿಡಿಯೋ ಕಾಲಿನಲ್ಲಿ ಅಟ್ಟ ತೋರಿಸಿದೆ. ಅಮ್ಮ ನೋಡಿ, "ಗಾಳಿಯೇ ಆಡದಿದ್ರೆ ಮರ ಉಳಿಯತ್ತಾ ಮಾರಾಯ?" ಅಂದಳು. ಊರ ಮನೆಯ ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಒಲೆಯ ಹೊಗೆ ಆ ಸಂದಿಯಲ್ಲೇ ಹೋಗುತ್ತದೆ. ಮಲೆನಾಡಿನ ಮಳೆಯಲ್ಲೂ ಪಕಾಸಿಗಳು ಗಟ್ಟಿಯಾಗಿರುವುದು ಆ ಗಾಳಿಯಿಂದ. ಡರ್ಬಿಯ ಈ ಮನೆಯೂ ಮೊದಲು ಹಾಗೇ ಇತ್ತು. ಆಗ ಫೆಲ್ಟ್ ಇರಲಿಲ್ಲ, ಹೆಂಚಿನ ಅಡಿಗೆ ಅಲ್ಲಲ್ಲಿ ಸುಣ್ಣದ ಗಾರೆ ಮೆತ್ತಿದ್ದು ಇನ್ನೂ ಒಂದೆರಡು ಕಡೆ ಕಾಣುತ್ತದೆ.

ಹಾಗಾಗಿ ಮೊದಲು ತೂತುಗಳನ್ನು ಮುಚ್ಚಿದ್ದು, ಆಮೇಲೆ ಉಣ್ಣೆ. ಕಪ್ಪು ಕಲೆ ಇದ್ದಲ್ಲೆಲ್ಲ ಉಣ್ಣೆ ಸರಿಸಿ, ಸೀಲಂಟ್ ತುಂಬಿ, ಮತ್ತೆ ಅದನ್ನೇ ಮುಚ್ಚಿದ್ದು. ಬೇಜಾರಿನ ಕೆಲಸ. ಬಗ್ಗಿಕೊಂಡೇ ಇರಬೇಕು, ಹಲಗೆಯಿಂದ ಹಲಗೆಗೆ ತೆವಳಬೇಕು. ಜಂತೆಯ ಮೇಲೆ ಬಿಟ್ಟು ಬೇರೆಲ್ಲೂ ಕಾಲಿಡುವ ಹಾಗಿಲ್ಲ. ಕೆಳಗಿರುವುದು ತೆಳ್ಳಗಿನ ಮರದ ಪಟ್ಟಿಗಳಿಗೆ ಮೆತ್ತಿದ ಗಾರೆ, ಕಾಲಿಟ್ಟರೆ ಸೀದಾ ಮಲಗುವ ಕೋಣೆಗೆ ಇಳಿಯುತ್ತೀರಿ. ಫ್ಯಾನಿನ ಕೊಳವೆಯನ್ನು ಹೊರಗೋಡೆಗೆ ಒಯ್ದು ಬಿಡಿಸಿದೆವು. ಫೆಲ್ಟಿನ ಎರಡು ಪದರ ಒಂದರ ಮೇಲೊಂದು ಕೂರುವ ಕಡೆ ಸಂದಿ ಬಿಡಿಸಿ ಹಿಡಿಯುವ ಸಣ್ಣ ಪ್ಲಾಸ್ಟಿಕ್ ತುಂಡುಗಳು ಸಿಗುತ್ತವೆ. ಅಟ್ಟದ ಒಳಗಿನಿಂದಲೇ ತೂರಿಸಬಹುದು, ಹೆಂಚು ತೆಗೆಯಬೇಕಾಗಿಲ್ಲ. ಅಗ್ಗವಾಗಿ ಇಷ್ಟು ಕೆಲಸ ಮಾಡುವ ವಸ್ತು ಇಡೀ ಅಟ್ಟದಲ್ಲಿ ಇನ್ನೊಂದಿಲ್ಲ.

ಕಿತ್ತದ್ದು ಸ್ವಲ್ಪವೇ. ಫ್ಯಾನಿನ ಅಡಿಯ ಒದ್ದೆ ಉಣ್ಣೆ, ಇಲಿ ಗೂಡು ಮಾಡಿದ್ದ ಒಂದು ಮೂಲೆ. ಉಳಿದದ್ದೆಲ್ಲ ಅಲ್ಲೇ ಇದೆ. ಇಲಿಯ ಬದಲು ಬಾವಲಿ ಕಂಡರೆ ಮಾತ್ರ ಕೆಲಸ ಅಲ್ಲಿಗೇ ನಿಲ್ಲಿಸಬೇಕು. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅವುಗಳ ನೆಲೆಯನ್ನು ಕೆದಕುವುದು ಇಲ್ಲಿ ಅಪರಾಧ.

ಹಾಸುವುದು ಸುಲಭ. ಜಂತೆಗಳ ಮಟ್ಟಕ್ಕೆ 100, ಅದರ ಮೇಲೆ ಅಡ್ಡಕ್ಕೆ 170. ಸೂರಿನ ಹತ್ತಿರ ಮಾತ್ರ ತುರುಕಬಾರದು. ಅಲ್ಲಿ ಗಾಳಿ ಬರುವ ಎರಡು ಇಂಚು ಬಿಡಬೇಕು. ಚಳಿ ಬರುತ್ತದೆ ಅಂತ ಅದನ್ನೇ ಅಚ್ಚುಕಟ್ಟಾಗಿ ಮುಚ್ಚುವವರಿದ್ದಾರೆ, ದುಡ್ಡು ತೆಗೆದುಕೊಂಡು ಮಾಡುವವರೂ ಸೇರಿ. ಕರೆಂಟಿನ ವಿಷಯದಲ್ಲೂ ಹುಷಾರು. ಬಿಸಿನೀರಿನ ಷವರ್ 9 ಕಿಲೋವ್ಯಾಟಿನದ್ದಾದರೆ ತಂತಿಯಲ್ಲಿ 40 ಆಂಪಿಯರ್ ಹತ್ತಿರ ಹರಿಯುತ್ತದೆ. ಅಂಥ ತಂತಿಯನ್ನು ಒಂದಡಿ ಉಣ್ಣೆಯಲ್ಲಿ ಹೂತರೆ ಅದರ ಬಿಸಿ ಹೋಗಲು ದಾರಿಯಿಲ್ಲ. ಮೇಲಕ್ಕೆ ಎತ್ತಿ ಇಡಬೇಕು, ಆಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಬೇಕು. ಕಪ್ಪು ರಬ್ಬರಿನ ಹಳೆ ತಂತಿ ಕಂಡರೆ ಉಣ್ಣೆಯ ಯೋಚನೆಯೇ ಆಮೇಲೆ, ಮೊದಲು ವೈರಿಂಗ್.

ಇಷ್ಟೆಲ್ಲ ರಗಳೆ ಬೇಡ, ನಾವೇ ಬಂದು ಮಾಡಿಗೇ ನೊರೆಯ ಹಾಗೆ ಉಬ್ಬಿ ಗಟ್ಟಿಯಾಗುವ ಫೋಮ್ ಹೊಡೆದು ಹೋಗುತ್ತೇವೆ ಅನ್ನುವವರು ಬಾಗಿಲು ತಟ್ಟುತ್ತಾರೆ. ನನ್ನ ಉತ್ತರ ಬೇಡ ಅಂತಲೇ. ಫೋಮ್ ಹೊಡೆದ ಮೇಲೆ ಪಕಾಸಿ ಹೇಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಇಲ್ಲಿಯ ಎಷ್ಟೋ ಬ್ಯಾಂಕುಗಳು ಅಂಥ ಮನೆಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಮಾರುವಾಗ ತೆಗೆಸಬೇಕಾಗಿ ಬಂದರೆ ಹಾಕಿದ್ದಕ್ಕಿಂತ ಜಾಸ್ತಿ ಖರ್ಚು. ಸರಕಾರಿ ಯೋಜನೆ ಅಂದ ಕೂಡಲೇ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಯೋಜನೆಗಳ ಅಡಿಯಲ್ಲಿ ಹೊರಗೋಡೆಗೆ ಹಾಕಿದ ಇನ್ಸುಲೇಷನ್‌ಗಳಲ್ಲಿ ನೂರಕ್ಕೆ 98ರಲ್ಲಿ ಸರಿಪಡಿಸಲೇಬೇಕಾದ ದೋಷ ಇದೆ ಅಂತ 2025ರಲ್ಲಿ ಇಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿತು. ಅದು ಗೋಡೆಯ ಮಾತು, ಅಟ್ಟದ್ದಲ್ಲ. ಆದರೆ ಕಾರಣ ನನಗೆ ಒಂದೇ ಅನ್ನಿಸುತ್ತದೆ: ದಪ್ಪ ಅಳೆಯುತ್ತಾರೆ, ನೀರು ಎಲ್ಲಿ ಹೋಗುತ್ತದೆ ಅಂತ ಕೇಳುವುದಿಲ್ಲ.

ಕೊನೆಯದಾಗಿ ಅಟ್ಟದ ಬಾಗಿಲು. ನಮ್ಮದು ಎರಡಡಿ ಚೌಕದ ಬರೀ ಪ್ಲೈವುಡ್. ಮೇಲಿನ ಅದೇ ಲೆಕ್ಕದಲ್ಲಿ ಅದೊಂದರಿಂದಲೇ ಸುಮಾರು 13 ವ್ಯಾಟ್ ಹೋಗುತ್ತದೆ. ಅಂದರೆ 270 ಹಾಸಿದ ಇಡೀ ಅಟ್ಟದಿಂದ ಹೋಗುವುದರ ಹೆಚ್ಚುಕಮ್ಮಿ ಒಂಬತ್ತನೇ ಒಂದು ಪಾಲು, ಅದೂ ಅಂಚಿನ ಗಾಳಿ ಸೇರಿಸದೆ. ಅಂಚಿಗೆ ರಬ್ಬರ್ ಪಟ್ಟಿ, ಬೆನ್ನಿಗೆ ಫೋಮ್ ಬೋರ್ಡ್, ಎಳೆದು ಹಿಡಿಯುವ ಎರಡು ಚಿಲಕ ಹಾಕಿದೆವು.

ಈಗ ಮನೆಯಲ್ಲಿ ಬೇರೆ ತಕರಾರು ಶುರುವಾಗಿದೆ. "ರೀ, ಸೂಟ್‌ಕೇಸ್ ಎಲ್ಲಿ ಇಡೋದು?" ಉಣ್ಣೆಯ ಮೇಲೆ ಹಲಗೆ ಹಾಕಿ ಒತ್ತಿದರೆ ಅದರೊಳಗಿನ ಗಾಳಿ ಹೋಗಿ ಹಾಕಿದ್ದೂ ದಂಡ. ಜಂತೆಯ ಮೇಲೆ ಪ್ಲಾಸ್ಟಿಕ್ ಕಾಲು ನಿಲ್ಲಿಸಿ ಅದರ ಮೇಲೆ ಹಲಗೆ ಹೊಡೆಯುವ ವ್ಯವಸ್ಥೆ ಇದೆ, ನಡುವಿನ ಸ್ವಲ್ಪ ಜಾಗಕ್ಕೆ ಅದನ್ನು ಮಾಡಿಸಬೇಕು ಅಂತಿದ್ದೇವೆ. ಡಿಸೆಂಬರಿನಲ್ಲಿ ಊರಿಗೆ ಹೋಗುವುದಿದೆ. ಅಲ್ಲಿಯವರೆಗೆ ಅವು ಮಂಚದ ಕೆಳಗೇ ಇರಲಿ ಅಂದಿದ್ದೇನೆ.